ಷಡ್ಡಕನ ಹೊಲದ ಆಕಾಶ

ಚನ್ನಗಿರಿಯವರು ಜಗಳೂರಿನವರನ್ನು ಕಂಡು ಹೊಟ್ಟೆಕಿಚ್ಚು ಪಟ್ಟ ಉದಾಹರಣೆ ನನಗೆ ಗೊತ್ತಿಲ್ಲ. ಅದು ನನ್ನಿಂದಲೇ ಶುರುವಾಗಿರಬೇಕು. ನಮ್ಮ ಕಡೆ ನಾಲೆ, ಕೊಳವೆಬಾವಿ, ಅಡಿಕೆ. ಅವರ ಕಡೆ ಮಳೆ ನಂಬಿದ ಹೊಲ. ನನ್ನ ಹೆಂಡತಿಯ ತವರು ನ್ಯಾಮತಿ. ಅವಳ ತಂಗಿಯನ್ನು ಜಗಳೂರಿಗೆ ಕೊಡುವ ಮಾತು ಬಂದಾಗ ದೊಡ್ಡ ಅಳಿಯನೆಂಬ ಗತ್ತಿನಲ್ಲಿ ನಾನೂ ಒಂದು ಮಾತು ಹಾಕಿದ್ದೆ. ಹುಡುಗ ಹೈಸ್ಕೂಲ್ ಮೇಷ್ಟ್ರು, ಗುಣವಂತ, ಎಲ್ಲ ಸರಿ, ಆದರೆ ಆ ಊರಲ್ಲಿ ಏನಿದೆ ಎಂದು. ಏನಿದೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಆಕಾಶ ಇದೆ. ಹೊಲದ ಬದುವಿನಿಂದ ಹಿಡಿದು ಕಣ್ಣು ಸೋಲುವ ತನಕ, ಒಂದು ಮರವೂ ಅಡ್ಡ ಬರದ ಆಕಾಶ. ಅದು ಪೂರ್ತಿ ನನ್ನ ಷಡ್ಡಕನಿಗೆ ಸೇರಿದ್ದು.

ನನ್ನದು ಪಂಪ್‌ಸೆಟ್ ಅಂಗಡಿ. ಮೋಟರ್ ಮಾರುತ್ತೇನೆ, ಸುಟ್ಟರೆ ವೈಂಡಿಂಗ್ ಮಾಡಿಸಿ ಕೊಡುತ್ತೇನೆ. ನಮ್ಮ ಕಡೆಯ ರೈತರು ಮೋಟರ್ ತೆಗೆದುಕೊಳ್ಳುವ ರೀತಿಯೇ ಬೇರೆ. ಬೋರಿನ ಆಳ ಎಷ್ಟು, ನೀರು ಎಷ್ಟಿದೆ ಎಂದು ನಾನು ಕೇಳಿದರೆ ಅವರು ಪಕ್ಕದ ತೋಟದ ಕಥೆ ಹೇಳುತ್ತಾರೆ. ಪಕ್ಕದವರದು ಇಷ್ಟು ಹೆಚ್‌ಪಿಯದು, ನನಗೆ ಅದಕ್ಕಿಂತ ದೊಡ್ಡದು ಕೊಡಿ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ, ಅವರು ಕೇಳುವುದಿಲ್ಲ, ದೊಡ್ಡ ಮೋಟರ್ ಇದ್ದಷ್ಟು ನೀರನ್ನು ಒಂದೇ ಗುಟುಕಿಗೆ ಎಳೆದು ಒಣಗಿ ಸುಟ್ಟುಕೊಂಡು ಮತ್ತೆ ನನ್ನ ಅಂಗಡಿಗೇ ಬರುತ್ತದೆ. ಅವರು ಹೋದ ಮೇಲೆ ನಾನು ನಗುತ್ತಿದ್ದೆ. ಪಕ್ಕದ ತೋಟ ನೋಡಿ ಮೋಟರ್ ಕೊಳ್ಳುವ ಜನ ಎಂದು ಮನೆಯಲ್ಲೂ ಆಡಿಕೊಳ್ಳುತ್ತಿದ್ದೆ.

ಕಳೆದ ದಸರಾ ರಜೆಗೆ ಮಗಳು ಚಿಕ್ಕಮ್ಮನ ಮನೆಗೆ ಹೋದಳು. ಒಂಬತ್ತನೇ ಕ್ಲಾಸು. ಹೋಗುವಾಗ ಮೊಬೈಲ್ ಬಿಟ್ಟರೆ ಬೇರೆ ಪ್ರಪಂಚ ಬೇಡವಾಗಿದ್ದ ಹುಡುಗಿ. ಬರುವಾಗ ಬಸ್ಸಿನಿಂದ ಇಳಿದವಳೇ ಕತ್ತು ಮೇಲೆತ್ತಿ ನೋಡುತ್ತ ನಿಂತಳು. ಏನು ನೋಡುತ್ತೀ ಎಂದರೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡುತ್ತಿದ್ದೇನೆ ಎಂದಳು. ಷಡ್ಡಕನಿಗೆ ರಿಮೋಟಿನಲ್ಲಿ ಹಾರಿಸುವ ವಿಮಾನದ ಹುಚ್ಚು ಎಂದು ನನಗೆ ಗೊತ್ತಿತ್ತು. ಶೇಂಗಾ ಕಿತ್ತ ಹೊಲದಲ್ಲಿ ಅದನ್ನು ಹಾರಿಸುತ್ತ ನಿಲ್ಲುತ್ತಾನೆ ಎಂದು ನಾದಿನಿ ನಗುತ್ತ ಹೇಳುತ್ತಿದ್ದಳು. ಮಕ್ಕಳಾಟ ಎಂದುಕೊಂಡಿದ್ದೆ. ಆ ಮಕ್ಕಳಾಟದ ರಿಮೋಟನ್ನು ಅವನು ನನ್ನ ಮಗಳ ಕೈಗೆ ಕೊಟ್ಟಿದ್ದ.

ಅಲ್ಲಿಂದ ನನಗೆ ಊಟ ಸೇರಲಿಲ್ಲ. ತಟ್ಟೆ ಮುಂದೆ ಕೂತರೆ ಚಿಕ್ಕಪ್ಪ ಹೀಗೆ ಹೇಳಿದರು, ಬಟ್ಟೆ ಒಣಹಾಕುವಾಗ ಚಿಕ್ಕಪ್ಪ ಹಾಗೆ ತೋರಿಸಿದರು. ರೆಕ್ಕೆಯ ಮೇಲೆ ಗಾಳಿ ಹೇಗೆ ಹಾಯುತ್ತದೆ ಎಂದು ರೊಟ್ಟಿಯ ತುಂಡು ಹಿಡಿದು ನನಗೇ ಪಾಠ ಮಾಡಿದಳು. ನಾನು ಇಪ್ಪತ್ತು ವರ್ಷದಿಂದ ಮೋಟರ್ ಬಿಚ್ಚಿ ಜೋಡಿಸುತ್ತಿದ್ದೇನೆ. ಒಂದು ದಿನವೂ ಈ ಹುಡುಗಿ ಅಂಗಡಿಗೆ ಬಂದು ಇದು ಹೇಗೆ ತಿರುಗುತ್ತದೆ ಅಪ್ಪಾಜಿ ಎಂದು ಕೇಳಿದವಳಲ್ಲ. ಜಗಳೂರಿನಲ್ಲಿ ತಿರುಗುವುದು ಹೆಬ್ಬೆರಳಿನಷ್ಟು ಮೋಟರ್, ಅದಕ್ಕೆ ಇಷ್ಟು ಭಕ್ತಿ. ನನಗೆ ಉರಿಯಿತು. ಬೇರೆ ಮಾತು ಹುಡುಕುವುದಿಲ್ಲ, ಉರಿಯಿತು ಅಷ್ಟೆ. ಮಗಳಿಗೆ ಕಲಿಯುವ ಆಸೆಯಿದ್ದರೆ ಕಲಿಯಲಿ, ಆದರೆ ನನ್ನ ಕೈಯಿಂದ ಕಲಿಯಲಿ ಎಂದು ಹಟ ಹುಟ್ಟಿತು.

ದೀಪಾವಳಿಗೆ ಎಲ್ಲರೂ ನ್ಯಾಮತಿಯಲ್ಲಿ ಸೇರಿದೆವು. ಮಗಳಿಗೆ ಒಂದು ವಿಮಾನ ಕೊಡಿಸುತ್ತೇನೆ ಎಂದು ನಾನು ಸಭೆಯ ನಡುವೆ ಘೋಷಿಸಿದೆ. ಮಾತು ಮುಗಿಯುವ ಮೊದಲೇ ಎಲ್ಲರ ಮುಖ ಷಡ್ಡಕನ ಕಡೆ ತಿರುಗಿತು. ಅವನು ಹೋಳಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ಕ್ಲಾಸಿನಲ್ಲಿ ಹೇಳುವಂತೆ ನಿಧಾನವಾಗಿ ಹೇಳಿದ. ಮೊದಲ ವಿಮಾನಕ್ಕೆ ರೆಕ್ಕೆ ಹೊಟ್ಟೆಯ ಕೆಳಗಿರಬಾರದು, ಬೆನ್ನ ಮೇಲಿರಬೇಕು, ತುದಿಗಳು ತುಸು ಮೇಲಕ್ಕೆ ಬಾಗಿರಬೇಕು. ಆಗ ಅದು ಓಲಾಡಿದರೂ ತನ್ನಷ್ಟಕ್ಕೆ ಸರಿಯಾಗುತ್ತದೆ. ಮೈ ಫೋಮಿನದಾಗಿರಬೇಕು, ಬಿದ್ದರೆ ಅಂಟಿಸಬಹುದು. ಬಣ್ಣ ಢಾಳಾಗಿರಬೇಕು, ಮೇಲೊಂದು ಕೆಳಗೊಂದು. ಎಲ್ಲಕ್ಕಿಂತ ಮುಖ್ಯ, ಅದು ನಿಧಾನ ಇರಬೇಕು.

ಮಾವ ತಲೆದೂಗಿದರು. ನನ್ನ ಮದುವೆಯಾದಾಗಿನಿಂದ ಅವರ ಮನೆಯ ಎಲ್ಲ ಮೋಟರಿಗೂ ನಾನೇ ದಿಕ್ಕು. ಆದರೂ ಅವತ್ತು ಅವರು, "ಮೇಷ್ಟ್ರು ಹೇಳಿದ್ದನ್ನೇ ತರ್ಸಪ್ಪ, ಅವರಿಗೆ ಅದರಾಗೆ ಅನುಭವ ಐತೆ" ಎಂದರು. ಅತ್ತೆ ಷಡ್ಡಕನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ನನ್ನ ಎಲೆಗೂ ಹಾಕಿದರು ಅನ್ನಿ, ಆದರೆ ಎರಡನೆಯದಾಗಿ.

ವಾಪಸು ಬರುವಾಗ ಹೊನ್ನಾಳಿ ಸೇತುವೆಯ ಮೇಲೆ ಮುಂದೊಂದು ಟ್ರ್ಯಾಕ್ಟರ್ ಕೆಟ್ಟು ಕಾರು ನಿಂತಿತು. ಮಗಳು ಗಾಜಿಳಿಸಿ ಹೊಳೆಯ ಮೇಲೆ ತೇಲುತ್ತಿದ್ದ ಹದ್ದನ್ನು ತೋರಿಸಿದಳು. ನೋಡಿ ಅಪ್ಪಾಜಿ, ರೆಕ್ಕೆ ಬಡಿಯದೆ ಹೆಂಗೆ ನಿಂತೈತೆ ಎಂದಳು. ನಾನು ಖುಷಿಯಾಗಿ ಬಗ್ಗಿ ನೋಡಿದೆ. ಆಗ ಅವಳು, "ಚಿಕ್ಕಪ್ಪ ಹೇಳಿದ್ದನ್ನೇ ತರ್ಸೋಣ ಅಪ್ಪಾಜಿ. ಅವರ್ದು ಹಿಂಗೇ ಹಾರ್ತೈತೆ" ಎಂದಳು. ಹದ್ದಿನಲ್ಲೂ ಅವನೇ. ಏನಾದರೂ ತರಿಸುತ್ತೇನೆ, ಅವನು ಹೇಳಿದ್ದೊಂದನ್ನು ಬಿಟ್ಟು ಎಂದು ನಾನು ಆ ಸೇತುವೆಯ ಮೇಲೇ ತೀರ್ಮಾನ ಮಾಡಿದೆ.

ಮಾಡಿದೆ ಕೂಡ. ಅಂಗಡಿಯ ಕೌಂಟರಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಷಡ್ಡಕ ಹೇಳಿದಂಥವೂ ಬೇಕಾದಷ್ಟು ಕಂಡವು. ದಪ್ಪ ಮೂತಿ, ಬೆನ್ನ ಮೇಲೆ ಹಲಗೆ ಇಟ್ಟಂಥ ರೆಕ್ಕೆ, ಕಿತ್ತಳೆ ಬಣ್ಣ, ಜಾತ್ರೆಯ ಆಟಿಕೆಯಂತೆ. ಅವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದೆ. ಕೊನೆಗೆ ಒಂದು ಸಿಕ್ಕಿತು. ಯುದ್ಧವಿಮಾನದ ಮಾದರಿ, ಚೂಪು ಮೂತಿ, ಹೊಟ್ಟೆಯ ಕೆಳಗೆ ಕತ್ತಿಯಂಥ ರೆಕ್ಕೆ, ಮೋಡದ ಬೂದು ಬಣ್ಣ, ಷಡ್ಡಕನದಕ್ಕಿಂತ ದೊಡ್ಡ ಮೋಟರ್. ಹಾರಿಸಲು ಬಲ್ಲವರಿಗೆ ಮಾತ್ರ ಎಂದು ಕೆಳಗೆ ಬರೆದಿತ್ತು. ಮೋಟರಿನ ವಿಷಯ ನನಗಿಂತ ಬಲ್ಲವರು ಯಾರು ಎಂದುಕೊಂಡು ಒತ್ತಿಬಿಟ್ಟೆ. ನಮ್ಮ ರೈತರು ಪಕ್ಕದ ತೋಟದ ಹೆಸರು ಹೇಳಿಯಾದರೂ ಕೊಳ್ಳುತ್ತಾರೆ. ನಾನು ಅದನ್ನೂ ಹೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಪೆಟ್ಟಿಗೆ ಬಂತು. ನಮ್ಮವ್ವ ಅದಕ್ಕೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಹೂ ಏರಿಸಿದಳು. ಮಗಳು ಸುತ್ತ ತಿರುಗಿ ನೋಡಿದಳು. ಚೆನ್ನಾಗಿದೆ ಅಂದಳು. ಆಮೇಲೆ, ರೆಕ್ಕೆ ಕೆಳಗಿದೆಯಲ್ಲ ಅಪ್ಪಾಜಿ ಎಂದಳು. ಚೆಲುವಾದದ್ದೆಲ್ಲ ಹೀಗೇ ಇರುವುದು ಎಂದೆ. ಅವಳು ರೆಕ್ಕೆಯ ತುದಿ ಮೇಲಕ್ಕೆ ಬಾಗಿದೆಯೇ ಎಂದು ಬೆರಳಾಡಿಸಿ ನೋಡಿದಳು. ಆ ಬೆರಳಿನಲ್ಲೂ ನನಗೆ ಷಡ್ಡಕನೇ ಕಂಡ.

ಇನ್ನು ಹಾರಿಸುವುದು ಎಲ್ಲಿ? ಅಲ್ಲಿಯವರೆಗೆ ನಮ್ಮ ಸೀಮೆಯಲ್ಲಿ ಬಯಲು ಇಲ್ಲ ಎನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ. ಎತ್ತ ಹೋದರೂ ಅಡಿಕೆ. ತ್ಯಾವಣಿಗೆ ಕಡೆ ಹೋದರೆ ಗದ್ದೆಯಲ್ಲಿ ನೀರು, ಕೆಸರು. ಕಾಲೇಜು ಮೈದಾನದಲ್ಲಿ ಕರೆಂಟ್ ತಂತಿ. ಮೋಟರ್ ಸ್ಕೂಟರಿನಲ್ಲಿ ಮಗಳನ್ನು ಹಿಂದೆ ಕೂರಿಸಿಕೊಂಡು ಬಯಲು ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಬಸವಾಪಟ್ಟಣದ ಹತ್ತಿರ ನನ್ನ ಗಿರಾಕಿಯೊಬ್ಬರ ಬೀಳು ಹೊಲ ಸಿಕ್ಕಿತು. ಮೂರು ಕಡೆ ಖಾಲಿ. ನಾಲ್ಕನೇ ಕಡೆ ಅವರ ಅಡಿಕೆ ತೋಟ.

ಮೊದಲು ನಾನು ಹಾರಿಸಿ ತೋರಿಸುತ್ತೇನೆ, ಆಮೇಲೆ ನಿನಗೆ ಎಂದು ಮಗಳಿಗೆ ಹೇಳಿದೆ. ಅವಳು ವಿಮಾನವನ್ನು ಎತ್ತಿ ಗಾಳಿಗೆ ಎದುರಾಗಿ ತಳ್ಳಿದಳು. ಅದು ಬಿಟ್ಟ ಬಾಣದಂತೆ ಹೋಯಿತು. ನಿಜ ಹೇಳಬೇಕೆಂದರೆ ಆ ಒಂದು ಕ್ಷಣ ಅದರಷ್ಟು ಚೆಂದದ್ದನ್ನು ನಾನು ನೋಡಿಲ್ಲ. ಆಮೇಲೆ ನೋಡುವುದಕ್ಕೆ ಅದು ಎಲ್ಲಿತ್ತು? ಬೂದು ಮೋಡದಲ್ಲಿ ಬೂದು ವಿಮಾನ. ಸದ್ದು ಮಾತ್ರ ಕೇಳುತ್ತಿತ್ತು. ಕಂಡಾಗ ಅದು ನಮ್ಮ ಕಡೆ ಬರುತ್ತಿದೆಯೋ ಆ ಕಡೆ ಹೋಗುತ್ತಿದೆಯೋ ತಿಳಿಯಲಿಲ್ಲ. ಬಲಕ್ಕೆ ತಿರುಗಿಸಿದೆ, ಎಡಕ್ಕೆ ಹೋಯಿತು. ಗಾಬರಿಯಾಗಿ ವೇಗ ಇಳಿಸಿದೆ, ಅದು ಒಂದು ರೆಕ್ಕೆಯ ಮೇಲೆ ಹೊರಳಿ ನೇರ ಅಡಿಕೆ ತೋಟಕ್ಕೆ ಇಳಿಯಿತು. ಗರಿಗಳು ಅಲುಗಾಡಿ ಸುಮ್ಮನಾದವು. ತೋಟದವರು ಅಡಿಕೆ ಕೊಯ್ಯುವ ಉದ್ದನೆಯ ದೋಟಿ ತಂದು ಗೊನೆ ಇಳಿಸಿದಂತೆ ಅದನ್ನು ಇಳಿಸಿಕೊಟ್ಟರು. ಮೂತಿ ಇರಲಿಲ್ಲ.

ಮನೆಯಲ್ಲಿ ಅವ್ವ ಯಾರದೋ ಕಣ್ಣು ಬಿದ್ದಿದೆ ಎಂದು ತೀರ್ಪು ಕೊಟ್ಟು, ಉಪ್ಪು, ಒಣಮೆಣಸಿನಕಾಯಿ ಹಿಡಿದು ಮುರಿದ ವಿಮಾನಕ್ಕೂ ಮಗಳಿಗೂ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿ ತಾಗಿದ್ದರೆ ಆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಅವತ್ತು ಬಂದ ಘಾಟಿಗೆ ಬೀದಿಯಲ್ಲಿ ಹೋಗುವವರೂ ಕೆಮ್ಮಿದರು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದು ಯಾರ ಕಣ್ಣೂ ಅಲ್ಲ ಬಿಡಪ್ಪ" ಎಂದು ನನ್ನ ಮುಖವನ್ನೇ ನೋಡಿದಳು.

ಮಗಳು ಅಳಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಅದಾದರೆ ಸಮಾಧಾನ ಮಾಡುವ ಕೆಲಸವಾದರೂ ನನಗಿರುತ್ತಿತ್ತು. ಅವಳು ಸುಮ್ಮನೆ ಒಳಗೆ ಹೋಗಿ ಚಿಕ್ಕಪ್ಪನಿಗೆ ಫೋನ್ ಮಾಡಿದಳು. ಮಾತೆಲ್ಲ ಆದ ಮೇಲೆ ಫೋನ್ ನನ್ನ ಕೈಗೆ ಬಂತು. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಅವನು ಅಂದೇ ಅನ್ನುತ್ತಾನೆ ಎಂದು ಕಾದೆ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು, "ಅದು ಎಂಥವರಿಗೂ ಕಷ್ಟ ಅಣ್ಣಾರೆ. ಭಾನುವಾರ ಕರ್ಕಂಡು ಬರ್ರಿ, ನನ್ನದರಾಗೇ ಕಲೀಲಿ" ಎಂದ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಹಿಡಿಯುವುದಕ್ಕೆ ಒಂದು ಹುಳುಕೂ ಸಿಕ್ಕುವುದಿಲ್ಲ.

ಹೀಗೆ ಭಾನುವಾರ ಬಂತೆಂದರೆ ನನ್ನ ಡ್ಯೂಟಿ ಶುರುವಾಯಿತು. ಬೆಳಿಗ್ಗೆ ಎದ್ದು ದಾವಣಗೆರೆ ದಾಟಿ ಜಗಳೂರಿಗೆ ಕಾರು ಓಡಿಸುವುದು, ಮಗಳನ್ನು ಷಡ್ಡಕನಿಗೆ ಒಪ್ಪಿಸುವುದು, ಹೊಲದ ಬದುವಿನ ಮೇಲೆ ನೀರಿನ ಬಾಟಲಿ ಹಿಡಿದು ನಿಲ್ಲುವುದು. ದೂರದ ಗುಡ್ಡದ ಮೇಲೆ ಕರೆಂಟಿನ ಗಾಳಿ ಫ್ಯಾನುಗಳಿವೆ. ಅವು ಜೋರಾಗಿ ತಿರುಗುತ್ತಿದ್ದರೆ ಅವನು ವಿಮಾನ ಹೊರಗೆ ತೆಗೆಯುವುದಿಲ್ಲ. ನಿಧಾನವಾಗಲಿ ಎಂದು ಇಬ್ಬರೂ ಮಂಡಕ್ಕಿ ತಿನ್ನುತ್ತ ಕಾಯುತ್ತಾರೆ. ನನಗೂ ಕೊಡುತ್ತಾರೆ.

ಅವನ ವಿಮಾನ ನೋಡಲು ಏನೂ ಅಲ್ಲ. ನಾನು ಬೆರಳಿನಿಂದ ತಳ್ಳಿದ್ದೆನಲ್ಲ, ಅಂಥದ್ದೇ ದಪ್ಪ ಮೂತಿ, ಮೈಮೇಲೆಲ್ಲ ಅಂಟಿಸಿದ ಟೇಪಿನ ತೇಪೆ. ಆದರೆ ಕೈ ಬಿಟ್ಟರೂ ಅದು ಬೀಳುವುದಿಲ್ಲ. ಮಗಳು ತಪ್ಪಿದಾಗಲೆಲ್ಲ ತಾನೇ ಸಾವರಿಸಿಕೊಂಡು, ಪರವಾಗಿಲ್ಲಮ್ಮ ಎನ್ನುವಂತೆ ಸಮಕ್ಕೆ ಬರುತ್ತಿತ್ತು. ಅದೂ ಅವನ ಹಾಗೆಯೇ.

ವಿಮಾನ ತನ್ನ ಕಡೆ ಬರುವಾಗ ಎಡ ಬಲ ಅದಲು ಬದಲಾಗುವುದು ಮಗಳಿಗೆ ಬಗೆಹರಿಯದ ಕಷ್ಟವಾಗಿತ್ತು. ನನಗೆ ಆಗಿದ್ದೂ ಅದೇ. ಒಂದು ಭಾನುವಾರ ಷಡ್ಡಕ ಹೇಳಿದ: "ಎಡ ಬಲ ಮರ್ತುಬಿಡವ್ವ. ನಿನ್ನ ಕಡೆ ಬರುವಾಗ ಯಾವ ರೆಕ್ಕೆ ಕೆಳಗೆ ವಾಲೈತೋ ಆ ಕಡೀಗೆ ರಿಮೋಟಿನ ಕಡ್ಡಿ ಒತ್ತು. ಬಾಳೆಗಿಡ ವಾಲಿದ್ರೆ ಆ ಕಡೀಗೆ ಕೋಲು ಕೊಡ್ತಾರಲ್ಲ, ಹಂಗೆ." ಅಷ್ಟೆ. ಅವಳಿಗೆ ಬಂದುಬಿಟ್ಟಿತು. ನನಗೆ ಆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಸಂಕಟ. ಬಾಳೆಗೆ ಕೋಲು ಕೊಡುವುದು ನಮ್ಮ ಕಡೆಯ ಕೆಲಸ. ಅವನ ಹೊಲದಲ್ಲಿ ಒಂದು ಬಾಳೆ ಇಲ್ಲ. ಆ ಮಾತು ನ್ಯಾಯವಾಗಿ ನನ್ನ ಬಾಯಿಂದ ಬರಬೇಕಾಗಿತ್ತು.

ಅವನ ಇನ್ನೊಂದು ಪಾಠ ನನಗೆ ಅದಕ್ಕಿಂತ ಹೆಚ್ಚು ನೋವು ಕೊಟ್ಟಿತು. ವಿಮಾನ ಮೇಲಿರುವಾಗ ಅದರ ಮೇಲಿಂದ ಕಣ್ಣು ಕೀಳಬಾರದು, ಯಾರು ಕರೆದರೂ ತಿರುಗಬಾರದು. ಮಗಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ನಾನು ಬಿಸಿಲು ಹತ್ತಿತು, ಟೋಪಿ ಹಾಕಿಕೋ ಎಂದರೆ ಉತ್ತರವಿಲ್ಲ. ನೀರು ಬೇಕಾ ಎಂದರೆ ಉತ್ತರವಿಲ್ಲ. ಅವನು ಪಕ್ಕದಲ್ಲಿ ನಿಂತು ಪಿಸುಗುಟ್ಟಿದರೆ ಮಾತ್ರ ಹೂಂ ಎನ್ನುತ್ತಿದ್ದಳು. ಆ ಒಂದು ಹೂಂ ನನಗೆ ಬೇಕಿತ್ತು. ಅದಕ್ಕಾಗಿ ನಾನು ಅವನ ಬರಡು ಹೊಲ, ತೇಪೆ ವಿಮಾನ, ಮಂಡಕ್ಕಿ ಎಲ್ಲವನ್ನೂ ತೆಗೆದುಕೊಳ್ಳಲು ತಯಾರಿದ್ದೆ, ಬದಲಿಗೆ ನಮ್ಮ ಅಡಿಕೆ ಬೇಕಾದರೂ ಅವನೇ ಇಟ್ಟುಕೊಳ್ಳಲಿ.

ಯುಗಾದಿ ಕಳೆದ ಮೇಲಿನ ಒಂದು ಭಾನುವಾರ. ಸಂಜೆ ಬಿಸಿಲು ತಗ್ಗಿತ್ತು, ಗುಡ್ಡದ ಫ್ಯಾನುಗಳು ನಿಂತಿದ್ದವು. ಷಡ್ಡಕ ರಿಮೋಟನ್ನು ಮಗಳ ಕೈಗೆ ಕೊಟ್ಟು, ಇವತ್ತು ನಾನು ಬಾಯಿ ಬಿಡುವುದಿಲ್ಲ, ನೀನೇ ಏರಿಸಿ ನೀನೇ ಇಳಿಸು ಎಂದು ಬದುವಿಗೆ ಬಂದು ನನ್ನ ಪಕ್ಕ ನಿಂತ. ಅವಳು ಒಂದು ಕೈಯಲ್ಲಿ ವಿಮಾನ ಎತ್ತಿ ತಾನೇ ತಳ್ಳಿದಳು. ಅದು ಮೇಲೆ ಹೋಯಿತು. ಕಿತ್ತಳೆ ರೆಕ್ಕೆ ಬಿಸಿಲಿಗೆ ಬೆಳಗಿ, ಹೊಲದ ತುದಿಯಲ್ಲಿ ತಿರುಗಿ, ನಮ್ಮ ತಲೆಯ ಮೇಲೆ ಹಾದು ಹೋಯಿತು. ಅವಳು ಕತ್ತೆತ್ತಿ ಅದರ ಹಿಂದೆಯೇ ತಿರುಗುತ್ತಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಷಡ್ಡಕನ ಕಡೆ ನೋಡಿದೆ. ಅವನ ಹೆಬ್ಬೆರಳುಗಳು ಗಾಳಿಯಲ್ಲಿ ಇಲ್ಲದ ಕಡ್ಡಿಗಳನ್ನು ಒತ್ತುತ್ತಿದ್ದವು. ಬಾಯಿ ಏನೋ ಹೇಳಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ವಿಮಾನ ಅವಳ ಕಡೆ ಬಂದಾಗ ಅವನು ಒಂದು ಹೆಜ್ಜೆ ಮುಂದಿಟ್ಟು ಹಿಂದಕ್ಕೆ ತೆಗೆದ. ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು. ಷೇವಿಂಗ್ ಮಾಡಿಕೊಳ್ಳುವಾಗ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದೆ.

"ಒಂದು ಸಲನಾದ್ರೂ ಹೆಂಗೆ ಚಿಕ್ಕಪ್ಪ ಅಂತ ಕೇಳ್ತಾಳೆ ಅಂತ ನೋಡ್ತಿದೀನಿ ಅಣ್ಣಾರೆ" ಎಂದ, ವಿಮಾನದ ಮೇಲಿಂದ ಕಣ್ಣು ತೆಗೆಯದೆ. "ಕೇಳ್ತಾನೇ ಇಲ್ಲ. ಇನ್ಮೇಲೆ ಭಾನುವಾರ ಬರಾಕೆ ಅವಳಿಗೆ ಕಾರಣ ಏನೈತೆ? ಯಾಕೋ ಹೊಟ್ಟೆ ಉರೀತೈತೆ ಕಣ್ರಿ."

"ನಿಮಗೆ ಇವತ್ತು ಶುರುವಾತು ಮೇಷ್ಟ್ರೆ" ಎಂದೆ. "ನನಗೆ ದಸರಾದಿಂದ ಐತೆ."

ಅವನು ನನ್ನ ಕಡೆ ತಿರುಗಿದ. ಇಷ್ಟು ತಿಂಗಳು ಅವನಿಗೆ ಅದು ಹೊಳೆದೇ ಇರಲಿಲ್ಲ ಎಂದು ಆ ಮುಖ ನೋಡಿಯೇ ತಿಳಿಯಿತು. ಅವನಿಗೂ ಉರಿಯುತ್ತಿದೆ ಎಂದು ನನಗೆ ಹಿತವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಉಳಿಯಲಿಲ್ಲ. ನಾನು ಗೆಲ್ಲಬೇಕೆಂದುಕೊಂಡಿದ್ದ ಜಾಗದಲ್ಲಿ ಅವನೇ ಇರಲಿಲ್ಲ. ಅಲ್ಲಿ ಇದ್ದದ್ದು ತೇಪೆ ಹಾಕಿದ ಆ ಫೋಮಿನ ತುಂಡು. ಇಬ್ಬರೂ ಕತ್ತೆತ್ತಿ ಅದನ್ನೇ ನೋಡಿದೆವು. ನೀರಿನ ಬಾಟಲಿ ಅವನ ಕಡೆ ಚಾಚಿದೆ, ಅವನು ಅರ್ಧ ಕುಡಿದು ವಾಪಸು ಕೊಟ್ಟ.

ಮಗಳು ಅದನ್ನು ಮೆತ್ತಗೆ ಇಳಿಸಿದಳು. ಇಳಿಸಿದವಳು ನಮ್ಮಿಬ್ಬರನ್ನೂ ದಾಟಿಕೊಂಡು ಓಡಿಹೋಗಿ, ಅದನ್ನು ಎತ್ತಿ ಎದೆಗೆ ಅವುಚಿಕೊಂಡಳು.

ಷಡ್ಡಕನ ಮನೆ ಮುಟ್ಟಿದ ಮೇಲೆ ನಾದಿನಿಗೆ ಸಂಭ್ರಮವೋ ಸಂಭ್ರಮ. ಹುಡುಗಿ ಒಬ್ಬಳೇ ವಿಮಾನ ಹಾರಿಸಿದ್ದಾಳೆ, ಊರೆಲ್ಲ ನೋಡಿರುತ್ತದೆ ಎಂದು ಹೇಳಿ, ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ಮಗಳಿಗೂ ಅವಳ ಕೈಯಲ್ಲಿದ್ದ ವಿಮಾನಕ್ಕೂ ಸೇರಿಸಿ ನಿವಾಳಿಸಿದಳು. ಅಂಗಳದ ಒಲೆಯ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಚಟಪಟ ಎಂದು ಸಿಡಿದು ಕಪ್ಪಾದವು. ನಾವೆಲ್ಲ ಕೆಮ್ಮಲು ತಯಾರಾಗಿ ನಿಂತೆವು. ಯಾರಿಗೂ ಕೆಮ್ಮು ಬರಲಿಲ್ಲ.

ನಾದಿನಿ ಬಗ್ಗಿ ಮೂಸಿ ನೋಡಿದಳು. ಇನ್ನೆರಡು ಮೆಣಸಿನಕಾಯಿ ಹಾಕಿದಳು. ಅದಕ್ಕೂ ಘಾಟಿಲ್ಲ.

"ಏನ್ರೀ ಇದು, ಚೂರೂ ಘಾಟು ಬರವಲ್ದು" ಎಂದಳು. "ಅದ್ಯಾವ ಪಾಪಿ ಕಣ್ಣು ಬಿದ್ದೈತೋ ಈ ಕೂಸಿನ ಮೇಲೆ. ಹೊಲದಾಗೆ ಯಾರ‍್ಯಾರಿದ್ರಿ?"

ನಾನು ಚಪ್ಪಲಿ ಹುಡುಕತೊಡಗಿದೆ. ಷಡ್ಡಕ ವಿಮಾನದ ಬ್ಯಾಟರಿ ಬಿಚ್ಚಬೇಕೆಂದು ಒಳಗೆ ಹೋದ.